ಅಮ್ಮನ ಕೆನ್ನೆಯ ಕಲೆ

ಬೆಳಿಗ್ಗೆ ಅಮ್ಮನ ಫೋಟೋ ಒರೆಸುವುದು ನನ್ನ ಕೆಲಸ. ಆ ದಿನ ಒರೆಸುತ್ತಿದ್ದಾಗ ಗಾಜಿಗೆ ಹಬೆ ಕಟ್ಟಿರುವುದು ಕಂಡಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಅದು ಒಳಗಿನಿಂದ ಕಟ್ಟಿತ್ತು. ಗಾಜು ಬೆಚ್ಚಗಿತ್ತು.

ಅಮ್ಮ ತೀರಿಕೊಂಡ ಮೇಲೆ ಆ ಫೋಟೋವನ್ನು ದೊಡ್ಡದು ಮಾಡಿಕೊಟ್ಟವರು ಸ್ಟುಡಿಯೋ ಇಟ್ಟಿರುವ ಚಿಕ್ಕಪ್ಪ. ಅಮ್ಮನ ಎಡಗೆನ್ನೆಯಲ್ಲಿದ್ದ ಸುಟ್ಟ ಕಲೆಯನ್ನು ಅವರು ಅಳಿಸಿಬಿಟ್ಟಿದ್ದರು. "ನೋಡಣ್ಣ, ಅತ್ತಿಗೆ ಈಗ ಸಿನಿಮಾದವ್ರ ಥರ ಇಲ್ವಾ?" ಎಂದಾಗ ಅಪ್ಪ ಎಷ್ಟೋ ದಿನಗಳ ನಂತರ ನಕ್ಕಿದ್ದರು.

ನಾನು ಕೂಸಾಗಿದ್ದಾಗ ಕುದಿಯುವ ನೀರಿನ ಪಾತ್ರೆ ನನ್ನತ್ತ ಉರುಳಿತಂತೆ. ಅಮ್ಮ ಅಡ್ಡ ಬಿದ್ದು ಉಳಿಸಿಕೊಂಡಳಂತೆ. ಅವಳ ಕೆನ್ನೆ ಸುಟ್ಟಿತು, ನನ್ನ ಮುಂಗೈಗೂ ಒಂದಿಷ್ಟು ಸಿಡಿದು ಕಲೆ ಉಳಿಯಿತು. ಇದನ್ನು ಅಪ್ಪ ಬಂದವರಿಗೆಲ್ಲ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ಫೋಟೋ ಗೋಡೆಗೇರಿದ ಮೇಲೆ ಹೇಳುವುದನ್ನೇ ಬಿಟ್ಟರು.

"ಅಪ್ಪಾ, ಅಮ್ಮನ ಕೆನ್ನೆ ಮೇಲಿನ ಕಲೆ ನೆನಪಿದ್ಯಾ?" ಎಂದೆ, ಒರೆಸುವ ಬಟ್ಟೆ ಕೈಯಲ್ಲೇ ಹಿಡಿದು.

"ಯಾವ ಕಲೆನೇ, ಹುಚ್ಚಿ? ನಿಮ್ಮಮ್ಮನ ಮುಖದಲ್ಲಿ ಒಂದು ಚುಕ್ಕೆನೂ ಇರ್ಲಿಲ್ಲ. ಫೋಟೋ ನೋಡು."

ಚಿಕ್ಕಪ್ಪನ ಸ್ಟುಡಿಯೋಗೆ ಓಡಿ ಅವರು ತಿದ್ದದೆ ಇಟ್ಟಿದ್ದ ಹಳೆಯ ಮೂಲ ಫೋಟೋ ತೆಗೆಸಿ ನೋಡಿದೆ. ಅದರಲ್ಲೂ ಕೆನ್ನೆ ನುಣ್ಣಗಿತ್ತು. ಅದನ್ನು ಹಿಡಿದಿದ್ದ ನನ್ನ ಕೈ ನೋಡಿಕೊಂಡೆ. ಮುಂಗೈ ಮೇಲಿನ ಕಲೆ ಇರಲಿಲ್ಲ. ಅದಿದ್ದ ಜಾಗ ಮಾತ್ರ ತಣ್ಣಗೆ ಕೊರೆಯುತ್ತಿತ್ತು.

ಮನೆಗೆ ಬಂದು ಅಪ್ಪನ ಪಕ್ಕ ಕೂತೆ.

"ಅಪ್ಪಾ, ಆ ಬಿಸಿನೀರಿನ ಕಥೆ ಇನ್ನೊಂದ್ಸಲ ಹೇಳಪ್ಪಾ."

ಅವರು ಫೋಟೋದಿಂದ ಕಣ್ಣು ಕೀಳದೆ, "ಯಾವ ಬಿಸಿನೀರೇ? ಅಂಥದ್ದೇನೂ ನಡೆದೇ ಇಲ್ಲ" ಎಂದರು.