ಹಲವಾಗಲು ಭರಮಮ್ಮನ ಒಂಬತ್ತು ನಮೂದು

ತುಂಗಭದ್ರೆಯ ಆಣೆ, ಇದು ನಡೆದದ್ದೇ. ಒಂದು ಮಾತು ಸುಳ್ಳಾದರೂ ನಾಳೆ ನನ್ನ ರೊಟ್ಟಿ ಹಂಚಿಗೇ ಅಂಟಿಕೊಳ್ಳಲಿ.

2024ರ ನವೆಂಬರ್ 14, ಗುರುವಾರ, ಮಧ್ಯಾಹ್ನ 3.10. ಸಮತಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಹರಪನಹಳ್ಳಿ ಠಾಣೆಗೆ ಬಂದಳು. ಅವಳು ಅತ್ತ ಸದ್ದಿಗೆ ಬೇವಿನ ಮರದಿಂದ ಎದ್ದ ಕಾಗೆಗಳು ಬಾಗಳಿ ಮುಟ್ಟುವವರೆಗೂ ಕೂರಲಿಲ್ಲ.

“ಕಳವಾಗೈತ್ರಿ ಸರ್.”

“ಏನು ಕಳವಾಗೈತಿ?” ಎಂದರು ಇನ್‌ಸ್ಪೆಕ್ಟರ್ ಗುರುಸಂಗಪ್ಪ.

“ನಾಕು ವರ್ಷ ಓದಿದ್ದು. ಯಾವ ಪುಸ್ತಕ, ಯಾರು ಬರದಿದ್ದು, ಎಷ್ಟನೇ ಪುಟ, ನಾ ಬರಕೊಂಡ ಟಿಪ್ಪಣಿ, ಎಲ್ಲಾ ಒಂದು ಸಾಫ್ಟ್‌ವೇರಿನ್ಯಾಗ ಜೋಡಿಸಿಟ್ಟಿದ್ದೆ. ಪ್ರಬಂಧದಾಗ ಎಲ್ಲಿ ಬೇಕೋ ಅಲ್ಲಿ ಒತ್ತಿದ್ರ ಹೆಸರು ತಾನ ಬಂದು ಕೂಡ್ತಿತ್ತು. ಸಾವಿರದ ನೂರಾ ನಲವತ್ತು ನಮೂದು ಇದ್ವು. ಊಟ ಮಾಡಿ ಬರೋದ್ರಾಗ ಎಲ್ಲಾ ಅಳಿಸ್ಯಾರ್ರಿ.”

“ನಕಲು ಇಟ್ಟಿಲ್ಲೇನು?”

“ನೆಟ್ಟಿನ್ಯಾಗ ಇತ್ರಿ. ಇಲ್ಲಿ ಅಳಿಸಿದ್ರ ಅಲ್ಲೂ ಹೋಕ್ಕೈತಿ. ಇಪ್ಪತ್ತನೇ ತಾರೀಖಿಗೆ ಪ್ರಬಂಧ ಕೊಡಬೇಕು. ಕೊಡದಿದ್ರ ನನ್ನ ನೋಂದಣಿನ ರದ್ದು.”

3.40ಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. 4.30ಕ್ಕೆ ಇನ್‌ಸ್ಪೆಕ್ಟರರು ಹೆಡ್ ಕಾನ್‌ಸ್ಟೇಬಲ್ ದಸ್ತಗೀರಬಿಯೊಂದಿಗೆ, ಸಮತಾ ದಿನವೂ ಕೂರುವ ವಾಚನಾಲಯಕ್ಕೆ ಹೋಗಿ ಪಂಚನಾಮೆ ಮಾಡಿದರು. ಕ್ಯಾಮೆರಾ ಇತ್ತು, ಆದರೆ ಅದರ ಕಣ್ಣಿಗೆ ಜೇಡ ಮನೆ ಕಟ್ಟಿ ಮೊಮ್ಮಕ್ಕಳನ್ನೂ ಕಂಡಿತ್ತು. ಸಮತಾ ಲ್ಯಾಪ್‌ಟಾಪ್ ತೆರೆದಿಟ್ಟು 1.30ಕ್ಕೆ ಊಟಕ್ಕೆ ಹೋಗಿದ್ದಳು, 2.20ಕ್ಕೆ ಮರಳಿದ್ದಳು. ಹಾಜರಿ ಪುಸ್ತಕದ ಪ್ರಕಾರ ಆ ಹೊತ್ತಿನಲ್ಲಿ ಒಳಗಿದ್ದವರು ಇಬ್ಬರೇ: ಅವಳ ಸಹಪಾಠಿ ಪ್ರಬುದ್ಧ ಮತ್ತು ಅತಿಥಿ ಉಪನ್ಯಾಸಕ ಶಿವಶಂಕರ.

ಠಾಣೆಯಲ್ಲಿ ಮೊದಲು ಪ್ರಬುದ್ಧನ ವಿಚಾರಣೆ ನಡೆಯಿತು.

“ಸಮತಾನ ಮ್ಯಾಲೆ ಹೊಟ್ಟಿಕಿಚ್ಚು ಐತೇನು?”

“ಐತ್ರಿ,” ಎಂದ ಪ್ರಬುದ್ಧ, ತಡವರಿಸದೆ. “ಇಬ್ರೂ ಒಂದ ದಿನ ಸೇರಿದ್ವಿ. ಅಕಿ ಮುಗಸಾಕ ಬಂದಾಳ, ನಾ ಎರಡನೇ ಅಧ್ಯಾಯದಾಗ ಹೂತು ಕುಂತೀನಿ. ಅಕಿ ನಕ್ಕರೂ ನನಗ ಉರಿತೈತ್ರಿ. ಆದ್ರ ಅಕಿ ಸಾಮಾನಿಗೆ ಕೈ ಹಚ್ಚಿಲ್ಲ.”

“ಬರೇ ಉರಿಯೋದಕ್ಕ ಕಲಂ ಇಲ್ಲ. ಹೊರಗ ಕುಂದ್ರು.”

ಆಮೇಲೆ ಶಿವಶಂಕರ.

“ನನ್ನ ಯಾಕ ಕರದ್ರಿ ಸರ್? ಆ ಸಾಫ್ಟ್‌ವೇರ್ ಹಾಕಿಕೊಟ್ಟು, ಕಲಿಸಿದವನ ನಾನು. ಹಲವಾಗಲಿಗೆ ನಮ್ಮವ್ವನ ಹತ್ರ ಕರಕೊಂಡು ಹೋದವನೂ ನಾನ.”

ಸಮತಾ ಅಲ್ಲೇ ತಲೆಯಾಡಿಸಿದಳು. “ಶಂಕ್ರಣ್ಣ ಅಂಥವನಲ್ರಿ.”

ಸಂಜೆ 6.15. ದಸ್ತಗೀರಬಿ ಸಮತಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಲ್ಯಾಪ್‌ಟಾಪ್ ನೋಡುತ್ತಿದ್ದರು.

“ಎಲ್ಲಾ ಹೋಗ್ಯಾವ ಅಂದಿ. ಇಲ್ಲಿ ಒಂಬತ್ತು ಅದಾವಲ್ಲ ತಂಗಿ?”

“ಅವು ಪುಸ್ತಕ ಅಲ್ಲಕ್ಕ. ಶಂಕ್ರಣ್ಣನ ಅವ್ವ ಭರಮಮ್ಮ ಹೇಳಿದ ಮಾತು. ಹೊಳಿ ಯಾವಾಗ ತುಂಬಿ ಬರ್ತೈತಿ ಅಂತ ಅಂಬಿಗರು ಹೆಂಗ ಗುರುತು ಹಿಡಿತಿದ್ರು ಅನ್ನೋದು. ಓದಿದವರ ಹೆಸರಿನ ಜೋಡಿ ಅಕಿ ಹೆಸರೂ ಇರ್ಲಿ ಅಂತ ನಮೂದು ಮಾಡಿದ್ದೆ.”

“ಇವಕ್ಕ ಯಾರೂ ಕೈ ಹಚ್ಚಿಲ್ಲೇನು?”

ಸಮತಾ ಅವುಗಳ ಕೊನೆಯ ಬದಲಾವಣೆಯ ವೇಳೆ ನೋಡಿದಳು. ಒಂಬತ್ತರಲ್ಲೂ ಒಂದೇ: ಮಧ್ಯಾಹ್ನ 1.52. “ಹಚ್ಚ್ಯಾರಕ್ಕ. ಅಳಿಸಿದ್ದು ಮೊದಲು ಕಸದ ಬುಟ್ಟಿಗೆ ಹೋಕ್ಕೈತಿ. ಇವೂ ಅಲ್ಲಿಗೆ ಹೋಗಿ ವಾಪಸ್ ಬಂದಾವ. ಆಮ್ಯಾಲೆ ಬುಟ್ಟಿ ಖಾಲಿ ಮಾಡ್ಯಾರ.”

ದಸ್ತಗೀರಬಿ ಎದ್ದು ಇನ್‌ಸ್ಪೆಕ್ಟರರ ಮೇಜಿಗೆ ಹೋದರು.

“ಸರ್, ಪ್ರಬುದ್ಧ ಆಗಿದ್ರ ಎಲ್ಲಾ ಒಟ್ಟಿಗೆ ಬಳದು ಹೋಗ್ತಿದ್ದ. ಕಸದಾಗ ಹೆತ್ತವ್ವನ ಹೆಸರು ಬಿದ್ದದ್ದು ಕಂಡ್ರ ಎತ್ತಾಕ ಯಾರ ಕೈ ಹೋಕ್ಕೈತ್ರಿ?”

ಈ ಮಾತು ತಮಗೆ ಮೊದಲು ಹೊಳೆಯಲಿಲ್ಲವಲ್ಲ ಎಂದು ಗುರುಸಂಗಪ್ಪನವರ ಮೀಸೆಯ ಎಡತುದಿ ಸುಟ್ಟುಕೊಂಡಿತು. ನಾನೇ ನೋಡಿದೆ, ಹೊಗೆ ಬಂತು.

ನವೆಂಬರ್ 15, ಬೆಳಿಗ್ಗೆ 8.30. ತುಂಗಭದ್ರೆಯ ದಂಡೆಯ ಹಲವಾಗಲು. ಭರಮಮ್ಮ ಕಟ್ಟೆಯ ಮೇಲೆ ಹರಿದ ಬಲೆ ಹೆಣೆಯುತ್ತಿದ್ದಳು.

“ಯವ್ವಾ, ಹೊಳಿ ಸುದ್ದಿ ಸಮತಾಗ ಹೇಳಿದಿ. ಮಗನಿಗೆ ಹೇಳಿಲ್ಲೇನು?” ದಸ್ತಗೀರಬಿ ಕೇಳಿದರು.

“ಅವ್ನೂ ಕೇಳ್ತಿದ್ದ, ಸಣ್ಣವಿದ್ದಾಗ. ಹೋಗೋ, ಓದ್ಕೋ ಹೋಗು ಅಂತ ಬೆನ್ನಿಗೆ ಗುದ್ದು ಕೊಡ್ತಿದ್ದೆ. ಹುಟ್ಟು ಹಿಡಿಯೋ ಕೈ ಆಗಬಾರ್ದು, ಕುರ್ಚಿ ಮ್ಯಾಲೆ ಕುಂದ್ರಬೇಕು ಅಂತ.” ಅವಳು ಬಲೆಯ ದಾರವನ್ನು ಹಲ್ಲಿನಿಂದ ಕಡಿದಳು. “ಈ ಹುಡುಗಿ ಬಂದು ನನ್ನ ಜೋಡಿ ಬಲಿ ಹೆಣಕೋತ ಕುಂದ್ರುತಿತ್ತು. ಕೈಯಾಗ ಕೆಲಸ ಇದ್ರ ಬಾಯಿ ತಾನ ಬಿಡ್ತೈತಿ. ಯಾಕವ್ವಾ, ಏನಾತು?”

ದಸ್ತಗೀರಬಿ ಎದ್ದು ಹರಪನಹಳ್ಳಿಗೆ ಹೊರಟರು.

11.15ಕ್ಕೆ ಶಿವಶಂಕರನನ್ನು ಅವನ ಬಾಡಿಗೆ ಕೋಣೆಯಲ್ಲಿ ಹಿಡಿದರು. ಶೋಧಿಸಿದಾಗ ಅಂಗಿಯ ಜೇಬಿನಲ್ಲಿ ಪೆನ್‌ಡ್ರೈವ್ ಸಿಕ್ಕಿತು. ಅಳಿಸುವ ಮೊದಲು ಮಾಡಿಕೊಂಡ ಪೂರ್ತಿ ನಕಲು ಅದರಲ್ಲಿತ್ತು. ಪಂಚರ ಎದುರು ಜಪ್ತಿ ಮಾಡಿದರು.

“ಇದ್ಯಾಕ ಇಟ್ಟುಕೊಂಡಿ?” ಗುರುಸಂಗಪ್ಪ ಕೇಳಿದರು.

“ಓದಾಕ ಸರ್.”

“ಅಳಿಸಿದ್ದು ಯಾಕ?”

“ಮೊನ್ನಿ ಅಕಿ, ಸರಿಯಾಗೈತೇನು ನೋಡಣ್ಣ ಅಂತ ಅವ್ವನ ಮಾತಿನ ಟಿಪ್ಪಣಿ ಕೊಟ್ಲು. ಕೆಂಪಿರುವಿ ತತ್ತಿ ಹೊತ್ತು ದಂಡಿ ಏರಿದ್ರ ಮೂರು ದಿನಕ್ಕ ಹೊಳಿ ಬರ್ತೈತಿ ಅಂತ ನಮ್ಮಪ್ಪ ಹೇಳ್ತಿದ್ನಂತ. ನಮ್ಮಪ್ಪ ಹೇಳಿದ್ದನ್ನ ನಾನು ಅಕಿ ಟಿಪ್ಪಣಿಯಾಗ ಓದಬೇಕೇನ್ರಿ? ಅವ್ವ ನನಗ ಗುದ್ದು ಕೊಟ್ಲು, ಅಕಿಗೆ ಹೊಳಿನ ಕೊಟ್ಲು. ಆ ಒಂಬತ್ತನ್ನ ಅಳಸಾಕ ಹೋಗಿದ್ದೆ ಸರ್. ಎಲ್ಲಾ ಅಳಿಸಿದೆ. ಅವು ಒಂಬತ್ತು ಮಾತ್ರ ಆಗಲಿಲ್ಲ.”

ದಸ್ತಗೀರಬಿ ಹೇಳಿಕೆ ಬರೆದುಕೊಂಡು ಸಹಿ ಹಾಕಿಸಿದರು. ಬಂಧನದ ಸುದ್ದಿ ಮನೆಯವರಿಗೆ ಮುಟ್ಟಿಸಬೇಕಿತ್ತು. ಫೋನ್ ಬೇಡವೆಂದು ಅವರೇ ಹಲವಾಗಲಿಗೆ ಮತ್ತೆ ಹೊರಟರು. ಸಂಜೆಯ ಬಸ್ಸಿಗೆ ಭರಮಮ್ಮ ಬಲೆಯನ್ನೂ ಹೊತ್ತು ಬಂದಳು. ಠಾಣೆಯಲ್ಲೇ ಜಾಮೀನಾಗಿ ಹೊರಬಂದ ಮಗನನ್ನು ಬೈಯಲಿಲ್ಲ. ಠಾಣೆಯ ಕಟ್ಟೆಯ ಮೇಲೆ ಕೂರಿಸಿಕೊಂಡು, ಬಲೆಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, “ಹಿಡಿ, ಜಗ್ಗಬ್ಯಾಡ,” ಎಂದಳು.

ನ್ಯಾಯಾಲಯದ ಅನುಮತಿಯಿಂದ ಪೆನ್‌ಡ್ರೈವಿನ ನಕಲು ಸಮತಾಗೆ ಸಿಕ್ಕಿತು. 20ರಂದು ಮಧ್ಯಾಹ್ನ ಅವಳು ಪ್ರಬಂಧ ಸಲ್ಲಿಸಿದಳು. ಆ ದಿನ ಪ್ರಬುದ್ಧನಿಗೆ ಜ್ವರ.

ಕತೆಯನ್ನು ಪುಕ್ಕಟೆ ಕೇಳಿದಿರಿ, ಸಂತೋಷ. ನಾಳೆ ಎಲ್ಲಾದರೂ ಇದನ್ನು ಹೇಳಿದರೆ ಯಾರ ಬಾಯಿಂದ ಕೇಳಿದ್ದೆಂದು ಮೊದಲು ನನ್ನ ಹೆಸರು ಹಾಕಬೇಕು. ಮರೆಯಬಾರದೆಂದರೆ ಬರೆದುಕೊಳ್ಳಿ, ಬರೆಯುತ್ತಲೇ ಒಂದು ಪ್ಲೇಟ್ ಮಂಡಕ್ಕಿ, ನಾಲ್ಕು ಮೆಣಸಿನಕಾಯಿ ಬಜ್ಜಿಗೆ ಹೇಳಿಬಿಡಿ.