ಫ್ರಿಜ್ಜಿನ ಬೆನ್ನಿನ ಹರಿದ ಸೀಲು

ಬಾಗಿಲು ತೆರೆದಾಗ ಮೂರನೇ ಮಹಡಿಯ ಟೀಚರ್ ನಿಂತಿದ್ದರು. ಒಂದು ಕೈಯಲ್ಲಿ ಇನ್ಸುಲಿನ್ ಡಬ್ಬಿ, ಇನ್ನೊಂದರಲ್ಲಿ ವಾರಂಟಿ ಕಾಗದ. ಕೂತುಕೊಳ್ಳಿ ಎಂದರೂ ಕೂರದೆ ಹಜಾರದಲ್ಲಿ ಅತ್ತಿಂದಿತ್ತ ಓಡಾಡತೊಡಗಿದರು.

"ಇದನ್ನ ನಿಮ್ಮ ಫ್ರಿಜ್ಜಲ್ಲಿ ಇಟ್ಕೊಳ್ಳಿ ಅಕ್ಕ, ಮಾವನ ಔಷಧಿ. ನಮ್ಮದು ನಿನ್ನೆಯಿಂದ ನಿಂತಿದೆ. ಐಸ್ ತಂದು ತಂದು ಸಾಕಾಯ್ತು. ಎರಡು ವರ್ಷ ಹೆಚ್ಚುವರಿ ವಾರಂಟಿ ತಗೊಂಡಿದ್ದೆ. ಕಂಪನಿಯವನು ಹಿಂದೆ ಇಣುಕಿ ನೋಡಿದ, 'ಸೀಲ್ ಹರಿದಿದೆ, ಹೊರಗಿನವರು ಬಿಚ್ಚಿ ಕಂಪ್ರೆಸರ್ ಸುಟ್ಟಿದ್ದಾರೆ, ವಾರಂಟಿ ನಡೆಯಲ್ಲ' ಅಂತ ಬರೆದುಕೊಟ್ಟು ಹೋದ."

"ಯಾರ ಮೇಲೆ ಅನುಮಾನ?" ಅತ್ತಿಗೆ ಕೇಳಿದರು.

"ಅನುಮಾನ ಏನ್ ಬಂತು, ಮೂಲೆ ಅಂಗಡಿ ಮೆಕ್ಯಾನಿಕ್. ಹೋದ ಗುರುವಾರ ಗ್ರೈಂಡರ್ ರಿಪೇರಿಗೆ ಬಂದು ಅರ್ಧ ಗಂಟೆ ಅಡುಗೆಮನೆಯಲ್ಲಿ ಒಬ್ಬನೇ ಇದ್ದ. ಅವನಿಗೆ ಏನೂ ಕೊಡಬೇಡಿ ಅಂತ ಇಡೀ ಕಟ್ಟಡಕ್ಕೆ ಹೇಳಿದ್ದೀನಿ."

ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ಮೂವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವರು. ಅಂಗಡಿ ಮುಚ್ಚಿದ ಮೇಲೂ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಬಿಟ್ಟಿರಲಿಲ್ಲ. ಕಟ್ಟಡದಲ್ಲಿ ಏನು ಕಳೆದರೂ, ಯಾರಿಗೆ ಯಾರ ಮೇಲೆ ಸಂಶಯ ಬಂದರೂ ನಮ್ಮ ಬಾಗಿಲು ತಟ್ಟುವುದು ರೂಢಿಯಾಗಿತ್ತು. ಅವರ ಚೀಲ ಹೊರುವ ಕೆಲಸ ನನ್ನದು.

ಟೀಚರ ಅಡುಗೆಮನೆಗೆ ಹೊಸದಾಗಿ ನೀಲಿ ಬಣ್ಣ ಹೊಡೆಸಿದ್ದರು. ನಾವು ಹೋದಾಗ ಮೇಜಿನ ಬಳಿ ಅವರ ಮಾವ, ಲೇತ್ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರು, ಸೌತೆಕಾಯಿ ಹೆರೆಯುತ್ತಿದ್ದರು. ಚಾಕುವಿನ ತುದಿ ಮುರಿದಿತ್ತು.

"ಹೊಸ ಚಾಕು ತಂದಿಟ್ಟಿದ್ದೀನಿ. ಇವರಿಗೆ ಆ ಮುರುಕಲೇ ಆಗಬೇಕು. ಬೇರೆಯವರು ಮುಟ್ಟೋ ಹಾಗೂ ಇಲ್ಲ," ಎಂದರು ಟೀಚರ್.

ಅತ್ತಿಗೆ ಫ್ರಿಜ್ಜಿನ ಹಿಂದೆ ಮಂಡಿಯೂರಿದರು. ಎರಡು ನಿಮಿಷಕ್ಕೊಮ್ಮೆ ಒಳಗಿನಿಂದ 'ಟಕ್' ಎಂದು ಸದ್ದು ಬಂದು ನಿಲ್ಲುತ್ತಿತ್ತು. ಹಿಂಬದಿಯ ಮುಚ್ಚಳದ ಮೇಲೆ ಕಂಪನಿ ಅಂಟಿಸಿದ್ದ ಕಾಗದದ ಸೀಲು ಅರ್ಧ ಕಿತ್ತುಹೋಗಿ ಬರೀ ಅಂಟು ಕಾಣುತ್ತಿತ್ತು. ಆ ಅಂಟಿನ ಮೇಲೆ ಒಣಗಿದ ಒಂದು ನೀಲಿ ಹನಿ. ಸ್ಕ್ರೂ ತಲೆಯ ಸೀಳಿನಿಂದ ಅವರು ಚಿಮಟದಲ್ಲಿ ಸಣ್ಣ ಉಕ್ಕಿನ ಚೂರೊಂದನ್ನು ಎತ್ತಿ ಕಾಗದದಲ್ಲಿ ಮಡಿಸಿದರು.

"ಬಣ್ಣ ಹೊಡೆಸಿದ್ದು ಯಾವಾಗ?"

"ಇಪ್ಪತ್ತು ದಿನ ಆಯ್ತು."

ಮನೆಗೆ ಬಂದ ಮೇಲೆ ಅತ್ತಿಗೆ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಕಿಟಕಿಯ ಬಳಿಗೆ ಹೋಗುವುದು, ಬರುವುದು. ಕೆಳಗೆ ಮೆಕ್ಯಾನಿಕ್ಕಿನ ಅಂಗಡಿಯಿಂದ ಜನ ಕೊಟ್ಟಿದ್ದ ಸಾಮಾನನ್ನು ಹಾಗೆಯೇ ವಾಪಸು ಒಯ್ಯುತ್ತಿದ್ದರು. "ನಾಳೆಯವರೆಗೆ ಕಾಯೋದು ಬೇಡ. ಎಲ್ಲರನ್ನೂ ಕರಿ," ಎಂದರು.

ಸಂಜೆ ನಾಲ್ಕಕ್ಕೆ ಟೀಚರ ಅಡುಗೆಮನೆಯಲ್ಲಿ ಎಲ್ಲರೂ ಸೇರಿದೆವು. ಮೆಕ್ಯಾನಿಕ್ ಯಾರ ಮುಖವನ್ನೂ ನೋಡಲಿಲ್ಲ. ಕಂಪನಿಯವನು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದ.

"ಸೀಲು ಹರಿದ ಮೇಲೆ ಅಂಟಿನ ಮೇಲೆ ಬಣ್ಣದ ಹನಿ ಬಿದ್ದಿದೆ," ಅತ್ತಿಗೆ ಶುರುಮಾಡಿದರು. "ಅಂದ್ರೆ ಬಿಚ್ಚಿದ್ದು ಬಣ್ಣ ಹೊಡೆಯೋಕೆ ಮುಂಚೆ. ಮೆಕ್ಯಾನಿಕ್ ಬಂದದ್ದು ಹೋದ ಗುರುವಾರ, ಬಣ್ಣ ಒಣಗಿ ಎಷ್ಟೋ ದಿನದ ಮೇಲೆ. ಇವನಲ್ಲ."

ಟೀಚರ ಮುಖ ಕಪ್ಪಿಟ್ಟಿತು.

"ಕಸುಬಿನವರು ಸ್ಕ್ರೂಡ್ರೈವರ್ ಬಿಟ್ಟು ಚಾಕು ಹಾಕಲ್ಲ. ಇದು ಸ್ಕ್ರೂ ಸೀಳಲ್ಲಿ ಸಿಕ್ಕಿದ ಚೂರು." ಅವರು ಮೇಜಿನ ಮೇಲಿದ್ದ ಚಾಕುವಿನ ಮುರಿದ ತುದಿಗೆ ಚೂರನ್ನು ಹಿಡಿದರು. ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಿಕೊಂಡಿತು. "ಈ ಚಾಕು ಬೇರೆಯವರು ಮುಟ್ಟಲ್ಲ. ಯಜಮಾನರೇ, ಇನ್ನು ನೀವೇ ಹೇಳಿ."

ಹಿರಿಯರು ತಲೆ ತಗ್ಗಿಸಿದರು. "ಹೋದ ತಿಂಗಳು ಒಂದು ಮಧ್ಯಾಹ್ನ ಅದು ನಿಂತುಹೋಯ್ತು. ಮನೇಲಿ ಯಾರೂ ಇರಲಿಲ್ಲ. ಔಷಧಿ ಕೆಡುತ್ತೆ ಅಂತ ಮನಸ್ಸು ತಡೀಲಿಲ್ಲ. ಬಿಚ್ಚಿ ಧೂಳು ಊದಿದೆ, ನಡೀತು. ವಾರಂಟಿ ಇದೆ, ಕೈ ಹಾಕಬೇಡಿ ಅಂತ ಸೊಸೆ ಮೊದಲೇ ಹೇಳಿದ್ದಳು. ಹೇಳೋಕೆ ಬಾಯಿ ಬರಲಿಲ್ಲ."

"ಹಾಗಾದ್ರೆ ಕಂಪ್ರೆಸರ್ ಸುಟ್ಟದ್ದು ಇವರಿಂದಲೇ," ಎಂದ ಕಂಪನಿಯವನು.

"ಸುಟ್ಟಿದೆ ಅಂತೀರಲ್ಲ, ಕಂಪ್ರೆಸರನ್ನ ನೀವು ಪರೀಕ್ಷೆ ಮಾಡಿದ್ರಾ?" ಅತ್ತಿಗೆ ಕೇಳಿದರು.

ಅವನು ತಡವರಿಸಿದ. "ಸೀಲ್ ಹರಿದಿದ್ರೆ ಹಾಗೇ ಬರೀರಿ ಅಂತ ಆಫೀಸಲ್ಲಿ ಹೇಳ್ತಾರೆ, ಮೇಡಂ."

ಅತ್ತಿಗೆ ಮೆಕ್ಯಾನಿಕ್ಕಿಗೆ ಸನ್ನೆ ಮಾಡಿದರು. ಅವನು ಮುಚ್ಚಳ ತೆಗೆದು ಮೀಟರ್ ಹಿಡಿದ. "ಕಂಪ್ರೆಸರ್ ಚೆನ್ನಾಗಿದೆ ಅಮ್ಮ. ಅದನ್ನ ಶುರುಮಾಡೋ ರಿಲೇ ಹೋಗಿದೆ, ಈ ಟಕ್ ಟಕ್ ಅದರದ್ದೇ. ಇದರ ಡಬ್ಬಿ ಯಾರೂ ಬಿಚ್ಚಿಲ್ಲ. ತಾನಾಗೇ ಸವೆದಿದೆ."

"ನಿಮ್ಮ ಕಾಗದ ಹೊರಗಿನವರಿಂದ ಆದ ಹಾನಿಗೆ ವಾರಂಟಿ ಇಲ್ಲ ಅನ್ನುತ್ತೆ. ಮುಚ್ಚಳ ತೆಗೆದರೆ ಇಲ್ಲ ಅಂತ ಎಲ್ಲೂ ಇಲ್ಲ," ಅತ್ತಿಗೆ ವಾರಂಟಿಯನ್ನು ಕಂಪನಿಯವನ ಮುಂದಿಟ್ಟರು. ಅವನು ಎರಡು ಸಲ ಓದಿ, ಹಳೆಯ ಬರಹ ಹೊಡೆದುಹಾಕಿ 'ರಿಲೇ ಬದಲಿಸಬೇಕು, ವಾರಂಟಿಯಲ್ಲಿ' ಎಂದು ಬರೆದ.

ಟೀಚರ್ ಮೆಕ್ಯಾನಿಕ್ಕಿನ ಕಡೆ ತಿರುಗಿ, "ತಪ್ಪಾಯ್ತಪ್ಪ" ಎಂದರು. ಅವನು ಮೀಟರಿನ ತಂತಿ ಸುತ್ತುತ್ತ, "ನನಗೊಬ್ಬನಿಗೆ ಹೇಳಿ ಏನು ಬಂತು, ಟೀಚರ್" ಎಂದಷ್ಟೇ ಅಂದು ಮೆಟ್ಟಿಲಿಳಿದ.

ಹಿರಿಯರು ಗೋಡೆ ಹಿಡಿದುಕೊಂಡು ಅವನ ಹಿಂದೆಯೇ ಇಳಿದರು. ನಾವು ಹೋಗುವಷ್ಟರಲ್ಲಿ ಅಂಗಡಿಯ ಮುಂದೆ ನಿಂತು, ಮಿಕ್ಸರ್ ವಾಪಸು ಕೇಳಲು ಬಂದ ಹೆಂಗಸಿಗೆ ಹೇಳುತ್ತಿದ್ದರು: "ಆ ಫ್ರಿಜ್ಜು ಬಿಚ್ಚಿದ್ದು ನಾನು ತಾಯಿ. ಇವನದೇನೂ ತಪ್ಪಿಲ್ಲ."

ಆಕೆ ನಂಬಿದಳೋ ಇಲ್ಲವೋ, ಮಿಕ್ಸರ್ ಎತ್ತಿಕೊಂಡು ಹೊರಟುಹೋದಳು. ಹಿರಿಯರು ಕದಲಲಿಲ್ಲ. ಇಸ್ತ್ರಿಪೆಟ್ಟಿಗೆ ಕೇಳಲು ಇನ್ನೊಬ್ಬ ಬಂದ. ಅವರು ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಹೇಳತೊಡಗಿದರು.