ಹಾಳೆಯಾಚೆಯ ಸಾನ್ ಲೂಕಾ

೨೦೧೪ರ ಅಕ್ಟೋಬರ್ ೧೮, ಶನಿವಾರ. ಬೆಳಗ್ಗೆ ೮.೧೦ಕ್ಕೆ ಬೊಲೊನ್ಯಾದ ಪ್ರಾತೆಲ್ಲೋ ಬೀದಿಯಲ್ಲಿ ತೊರ್ತೆಲ್ಲೀನಿ ಎಂಬ ಹೂರಣ ತುಂಬಿದ ಪಾಸ್ತಾದ ಅಂಗಡಿ ನಡೆಸುವ ಆರ್ಜಿಯಾ ಲಂಬೆರ್ತೀನಿ ಠಾಣೆಗೆ ಬಂದರು. ವಯಸ್ಸು ಎಪ್ಪತ್ನಾಲ್ಕು.

"ರಾತ್ರಿ ನಮ್ಮಮ್ಮನ ಲಟ್ಟಣಿಗೆ ಕದ್ದಿದಾರೆ. ಸಂಜೆ ನಾಲ್ಕಕ್ಕೆ ಪಾಸ್ತಾ ಹಾಳೆ ಲಟ್ಟಿಸೋ ಸ್ಪರ್ಧೆಯ ಕೊನೇ ಸುತ್ತು. ಅದಿಲ್ದೆ ನಾನು ನಿಲ್ಲಲ್ಲ."

"ಬೇರೆ ಲಟ್ಟಣಿಗೆ ಇಲ್ವಾ ಸಿನ್ಯೋರಾ?" ಎಂದ ಕಾನ್‌ಸ್ಟೆಬಲ್ ಮೆಂಗೋಲಿ.

"ನಿನಗೆ ಬೇರೆ ಅಮ್ಮ ಇದಾಳೇನಪ್ಪಾ?"

ಇನ್ಸ್‌ಪೆಕ್ಟರ್ ತಸ್ಸಿನಾರಿ ನಗದೆ ಎಫ್‌ಐಆರ್ ಬರೆಸಿದರು. "ಗುರುತು?"

"ಎಡತುದೀಲಿ ಒಂದು ಕಚ್ಚು. ಯುದ್ಧದಲ್ಲಿ ಬಾಂಬು ಬಿದ್ದಾಗ ಆದದ್ದು."

೮.೪೫ಕ್ಕೆ ಸ್ಥಳ ಪರಿಶೀಲನೆ. ಅಂಗಡಿಯಲ್ಲಿ ಬೇರೇನೂ ಹೋಗಿರಲಿಲ್ಲ. ಹಿಂದಿನ ದಿನದ ಒಣಗಿದ ಹಿಟ್ಟಿನ ಹಾಳೆಯೊಂದನ್ನು ತಸ್ಸಿನಾರಿ ಬೆಳಕಿಗೆ ಹಿಡಿದರು. ಎಡ ಅಂಚಿನುದ್ದಕ್ಕೂ ಹದಿನಾಲ್ಕು ಸೆಂಟಿಮೀಟರ್‌ಗೊಂದು ಸಣ್ಣ ಮಚ್ಚೆ.

"ಕಚ್ಚು ಹಿಟ್ಟಲ್ಲೂ ಸಹಿ ಹಾಕುತ್ತೆ ಮೆಂಗೋಲಿ. ಅಳತೆ ಬರ್ಕೋ."

ಮನೆಯಲ್ಲಿ ಲಟ್ಟಿಸಿದ ಒಂದೊಂದು ಹಾಳೆಯನ್ನು ಸ್ಪರ್ಧಿಗಳು ಅಂದು ಬೆಳಗ್ಗೆಯೇ ಸರಗೊಸ್ಸಾ ಊರಬಾಗಿಲ ಬಳಿಯ ಸಭಾಂಗಣಕ್ಕೆ ಒಪ್ಪಿಸಿದ್ದರು. ೯.೩೦ಕ್ಕೆ ಮೆಂಗೋಲಿ ಅವನ್ನು ಒಂದೊಂದಾಗಿ ಕಿಟಕಿಗೆ ಹಿಡಿದ.

"ಹಾಳೆಯಾಚೆ ಸಾನ್ ಲೂಕಾ ಇಗರ್ಜಿ ಕಾಣ್ಬೇಕು, ಅಷ್ಟು ತೆಳ್ಳಗಿರ್ಬೇಕು ಅಂತಿದ್ರು ನಮ್ಮಜ್ಜಿ. ಇದ್ರಲ್ಲಿ ಬರೀ ಮಂಜು ಸಾರ್."

ನಾಲ್ಕನೆಯದರಲ್ಲಿ ಗುಡ್ಡ ಕಂಡಿತು, ಗುಡ್ಡದ ಮೇಲಿನ ಇಗರ್ಜಿಯ ಗುಮ್ಮಟ ಕಂಡಿತು. ಎಡ ಅಂಚಿನಲ್ಲಿ ಮಚ್ಚೆಗಳು. ಅಳತೆ ಹದಿನಾಲ್ಕು.

ಚೀಟಿಯಲ್ಲಿದ್ದ ಹೆಸರು ನಾರ್ಮಾ ಗ್ವಲಾಂದಿ. ಆರ್ಜಿಯಾರ ಹಿಂಬದಿ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಲಟ್ಟಿಸಿ, ಆ ವಸಂತದಲ್ಲಷ್ಟೇ ಕೆಲಸ ಬಿಟ್ಟವಳು.

೧೧.೨೦ಕ್ಕೆ ಅವಳ ಮನೆಯ ಶೋಧ. ಲಟ್ಟಣಿಗೆ ಇಸ್ತ್ರಿ ಮಾಡಿದ ಹಾಸುಬಟ್ಟೆಗಳ ನಡುವೆ ಸಿಕ್ಕಿತು. ಇಬ್ಬರು ನೆರೆಯವರ ಸಮಕ್ಷಮ ಪಂಚನಾಮೆಯಾಯಿತು, ನಾರ್ಮಾ ಬಂಧನಕ್ಕೊಳಗಾದಳು. ವಶಪಡಿಸಿಕೊಂಡ ವಸ್ತುವನ್ನು ಒಂದು ದಿನದ ಮಟ್ಟಿಗೆ ದೂರುದಾರರಿಗೆ ಕೊಡಲು ತಸ್ಸಿನಾರಿ ಸರಕಾರಿ ವಕೀಲರಿಗೆ ಮೂರು ಸಲ ಫೋನ್ ಮಾಡಿದರು. ೩.೪೦ಕ್ಕೆ ಅನುಮತಿ ಬಂತು. ಕಮಾನುಸಾಲಿನಡಿ ಮೆಂಗೋಲಿ ಲಟ್ಟಣಿಗೆ ಎತ್ತಿ ಹಿಡಿದು ಸಭಾಂಗಣದತ್ತ ಓಡಿದ. ಜನ ಗೋಡೆಗೆ ಸರಿದು ದಾರಿ ಬಿಟ್ಟರು.

೫.೧೫ಕ್ಕೆ ತೀರ್ಪುಗಾರರು ಆರ್ಜಿಯಾರ ಹಾಳೆಯನ್ನು ಕಿಟಕಿಗೆ ಹಿಡಿದಾಗ ಸಭಾಂಗಣವೇ ಎದ್ದು ನಿಂತು ಕೂಗಿತು. ಬೀದಿಯವರು ಮುದುಕಿಯನ್ನು ಕುರ್ಚಿಸಮೇತ ಹೊತ್ತು ಮನೆಗೆ ಒಯ್ದರು.

ಠಾಣೆಯಲ್ಲಿ ನಾರ್ಮಾ ಹೇಳಿಕೆಗೆ ಸಹಿ ಹಾಕಿದಳು: "ಊರೆಲ್ಲ ಹೊಗಳಿದ್ದು ಆರ್ಜಿಯಾಳ ಹಾಳೆ ಅಂತ. ಅರ್ಧ ನನ್ನವು, ಅದೇ ಲಟ್ಟಣಿಗೇಲಿ ಲಟ್ಟಿಸಿದ್ದು. ನನ್ನ ಹೆಸರಲ್ಲಿ ಒಂದೇ ಒಂದು ಇಡ್ಬೇಕಿತ್ತು."

ಪೆನ್ನು ಹಿಂದಿರುಗಿಸುತ್ತ ಕೇಳಿದಳು: "ನನ್ನದ್ರಲ್ಲಿ ಸಾನ್ ಲೂಕಾ ಕಾಣ್ತಾ?"

"ಕಾಣ್ತು," ಎಂದರು ತಸ್ಸಿನಾರಿ. "ಗುಮ್ಮಟ ಸಮೇತ."

ಅದನ್ನೂ ಹೇಳಿಕೆಯಲ್ಲಿ ಸೇರಿಸಲು ಮೆಂಗೋಲಿಗೆ ಹೇಳಿದರು.